.22 ರೈಫಲ್ ಬ್ಯಾರೆಲ್ಲಿಗೆ ತೆಂಗಿನೆಣ್ಣೆ ಹಾಕಬಹುದೇ? ಪ್ರತಿ ಸಲ ಬ್ರಷ್ ಹೊಡೆಯಬೇಕೇ?

ಎರಡೂ ಬೇಡ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ರಾತ್ರಿಗಳು ವರ್ಷದ ಬಹುಪಾಲು ಅದಕ್ಕಿಂತ ತಂಪು. ಮೇಲಾಗಿ ಅದು ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಗನ್ ಆಯಿಲ್ ತನ್ನಿ.

ಟಾರ್ಗೆಟ್ .22 ಗುಂಡು ಬರೀ ಸೀಸ, ಮೇಲೆ ಮೇಣದ ಲೇಪ. ತಾಮ್ರದ ಹೊದಿಕೆಯೇ ಇಲ್ಲದ ಮೇಲೆ ತಾಮ್ರ ಕರಗಿಸುವ ಅಮೋನಿಯಾ ಸಾಲ್ವೆಂಟಿಗೆ ದುಡ್ಡು ಸುರಿಯಬೇಡಿ. ಮಸಿ, ಸೀಸ ಬಿಡಿಸುವ ಸಾಮಾನ್ಯ ಬೋರ್ (ಬ್ಯಾರೆಲ್ಲಿನ ಒಳಕೊಳವೆ) ಸಾಲ್ವೆಂಟ್ ಸಾಕು.

ಮೊದಲು ಬೋಲ್ಟ್ (ಬ್ಯಾರೆಲ್ಲಿನ ಹಿಂಬದಿ ಮುಚ್ಚುವ ಭಾಗ) ತೆಗೆದು, ಚೇಂಬರ್, ಅಂದರೆ ತೋಟಾ ಕೂರುವ ಜಾಗ, ಖಾಲಿ ಇದೆಯೇ ಎಂದು ಕಣ್ಣಾರೆ ನೋಡಿ. ಬ್ಯಾರೆಲ್ಲಿನ ಬಾಯಿ ಸ್ವಲ್ಪ ಕೆಳಗಿರಲಿ, ಇಲ್ಲದಿದ್ದರೆ ಸಾಲ್ವೆಂಟ್ ಹಿಂದಕ್ಕೆ ಹರಿದು ಟ್ರಿಗರಿಗೂ ಮರದ ಸ್ಟಾಕಿಗೂ ಇಳಿಯುತ್ತದೆ. ಒರೆಸುವ ರಾಡ್ ಯಾವಾಗಲೂ ಚೇಂಬರ್ ಕಡೆಯಿಂದಲೇ, ರಾಡ್ ಗೈಡ್ (ರಾಡ್ ನೇರವಾಗಿ ಸಾಗಿಸುವ ಕೊಳವೆ) ಮೂಲಕ ಹೋಗಬೇಕು. ಇದನ್ನು ಒತ್ತಿ ಹೇಳುತ್ತೇನೆ: ಗುಂಡು ಕೊನೆಯದಾಗಿ ಮುಟ್ಟುವ ಜಾಗ ಬಾಯಿಯ ಅಂಚು, ಅಂದರೆ ಕ್ರೌನ್. ಮುಂದಿನಿಂದ ತುರುಕಿದ ರಾಡ್ ಆ ಅಂಚನ್ನು ಒಂದೇ ಕಡೆ ಸವೆಸಿದರೆ ಗುಂಡಿನ ಹಿಂದಿನ ಗ್ಯಾಸ್ ಒಂದು ಪಕ್ಕದಿಂದ ಮೊದಲು ನುಗ್ಗಿ ಗುಂಡನ್ನು ವಾಲಿಸುತ್ತದೆ. ಆಮೇಲೆ ಎಷ್ಟು ಒರೆಸಿದರೂ ಗ್ರೂಪ್ (ಗುರಿಯ ಮೇಲೆ ಗುಂಡುಗಳ ಗುಂಪು) ಕೂಡುವುದಿಲ್ಲ. ತುಂಡು ತುಂಡಾಗಿ ತಿರುಗಿಸಿ ಜೋಡಿಸುವ ರಾಡೂ ಬೇಡ, ಅದರ ಸಂದುಗಳು ಒಳಗೋಡೆಯನ್ನು ಕೆರೆಯುತ್ತವೆ. ಲೇಪವಿರುವ ಒಂದೇ ತುಂಡಿನ ರಾಡ್ ಕೊಳ್ಳಿ, ಪ್ರತಿ ಸಲ ಹೊರಬಂದಾಗ ಒರೆಸಿ.

ಪ್ಯಾಚಿಗೆ, ಅಂದರೆ ರಾಡಿನಿಂದ ತಳ್ಳುವ ಒರೆಸುಬಟ್ಟೆಯ ತುಂಡಿಗೆ, ಒಗೆದು ಮೆತ್ತಗಾದ ಹಳೆಯ ಹತ್ತಿ ಪಂಚೆ ಚೆನ್ನಾಗಿ ಆಗುತ್ತದೆ. ಸುಮಾರು 25 ಮಿ.ಮೀ. ಚೌಕ ಕತ್ತರಿಸಿ, ಬಿಗಿ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಸಾಲ್ವೆಂಟ್ ಹಚ್ಚಿದ ಎರಡು ಪ್ಯಾಚ್ ಒಂದಾದ ಮೇಲೊಂದು ತಳ್ಳಿ. ಆಚೆ ಬಂದ ಪ್ಯಾಚ್ ಬಿದ್ದುಹೋಗಲಿ, ಹಿಂದಕ್ಕೆ ಎಳೆಯಬೇಡಿ. .22ರಂಥ ರಿಮ್‌ಫೈರ್ ತೋಟಾದ ಪ್ರೈಮರಿನಲ್ಲಿ (ಕಿಡಿ ಹೊತ್ತಿಸುವ ಮಿಶ್ರಣ) ಗಾಜಿನ ಪುಡಿ ಇರುತ್ತದೆ, ಎಳೆದರೆ ಅದನ್ನೇ ಮತ್ತೆ ಉಜ್ಜಿದಂತೆ. ಹತ್ತು ನಿಮಿಷ ಬಿಟ್ಟು, ಬೆಳ್ಳಗೆ ಬರುವವರೆಗೆ ಒಣ ಪ್ಯಾಚ್. ದಿನದ ಕೆಲಸ ಇಷ್ಟೇ.

ಕಂಚಿನ ಬ್ರಷ್ಷನ್ನು ಗ್ರೂಪ್ ಕಾರಣವಿಲ್ಲದೆ ಚದುರತೊಡಗಿದಾಗ ಮಾತ್ರ ತೆಗೆಯಿರಿ. ಆಗ ಕಳ್ಳ ಸಾಮಾನ್ಯವಾಗಿ ಚೇಂಬರಿನ ಮುಂದೆ, ತೋಟಾದ ಲೋಹದ ಕೇಸ್ ಮುಗಿಯುವಲ್ಲಿ ಉಂಗುರದಂತೆ ಕಟ್ಟಿಕೊಂಡ ಗಟ್ಟಿ ಮಸಿ. ಅಲ್ಲಿ ಸಾಲ್ವೆಂಟ್ ನೆನೆಸಿ ಏಳೆಂಟು ಸಲ ಬ್ರಷ್ ಆಡಿಸಿ. ಬ್ರಷ್ಷಿನ ದಿಕ್ಕನ್ನು ಬ್ಯಾರೆಲ್ ನಡುವೆ ಬದಲಿಸಬೇಡಿ, ಪೂರ್ತಿ ಆಚೆ ಹೋಗಲಿ.

ಕೊನೆಗೆ ಎರಡು ಹನಿ ಎಣ್ಣೆಯ ಒಂದು ಪ್ಯಾಚ್. ಜೂನ್‌ನಿಂದ ಅಕ್ಟೋಬರ್‌ವರೆಗೆ ಫೋಮ್ ಕೇಸಿನೊಳಗೆ ತಿಂಗಳುಗಟ್ಟಲೆ ಮುಚ್ಚಿಡಬೇಡಿ, ಫೋಮ್ ತೇವ ಹಿಡಿದಿಟ್ಟುಕೊಳ್ಳುತ್ತದೆ. ಬೀಗ ಹಾಕಿದ ಬೀರುವಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ರೇಂಜಿನಲ್ಲಿ ಗುಂಡು ಹಾಕುವ ಮೊದಲು ಒಣ ಪ್ಯಾಚಿನಿಂದ ಎಣ್ಣೆ ತೆಗೆಯಿರಿ. ಮೇಣ ಮತ್ತೆ ಒಳಗೋಡೆಗೆ ಕೂರಲು ಹತ್ತಿಪ್ಪತ್ತು ಗುಂಡು ಬೇಕು. ಅವನ್ನು ನೋಡಿ ಸೈಟ್ ತಿರುಗಿಸಲು ಹೋಗಬೇಡಿ.