ಹನ್ನೊಂದು ಕಾಮಿಕ್ಸ್, ನಿಂತುಹೋದ ಒಂದು ವಾರಪತ್ರಿಕೆ

ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಓದಿ ಸಿಟ್ಟೂ ಬಂತು, ಸಂಕಟವೂ ಆಯಿತು. ಉಳಿದವನ್ನೆಲ್ಲ ಮುಂದಿನ ವಾರಕ್ಕೆ ಇಟ್ಟು ಇದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಬರೆದವರು ಬದಿಯಡ್ಕದ ಕಡೆಯವರು. ವಯಸ್ಸು 36. ಅಡಿಕೆ ಖರೀದಿಸುವ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮನೆಯಲ್ಲಿ ತಾಯಿ, ಹೆಂಡತಿ, ಈ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗಳು. ಸ್ವಲ್ಪ ತೋಟ ಇದೆ, ಆದರೆ ಕಳೆದ ಮಳೆಗಾಲದಲ್ಲಿ ಕೊಳೆರೋಗ ಬಂದು ಅರ್ಧ ಅಡಿಕೆ ಉದುರಿಹೋಯಿತು. ಮನೆ ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಇದರ ನಡುವೆ ಇವರಿಗೆ ತಿಂಗಳು ತಿಂಗಳು ಹನ್ನೊಂದು ಅಮೆರಿಕನ್ ಕಾಮಿಕ್ಸ್ ಬರುತ್ತವೆ. ಒಂದಕ್ಕೆ ಸುಮಾರು 350 ರೂಪಾಯಿ, ಒಟ್ಟು ನಾಲ್ಕು ಸಾವಿರದ ಹತ್ತಿರ. ಬೆಂಗಳೂರಿನ ಅಂಗಡಿಯೊಂದರಲ್ಲಿ ಕಾಯಂ ಆರ್ಡರ್ ಇದೆ. ಮಂಗಳೂರಿನ ಗೆಳೆಯರೊಬ್ಬರ ಪುಸ್ತಕಗಳ ಜೊತೆ ಒಂದೇ ಪಾರ್ಸೆಲ್‌ನಲ್ಲಿ ಬರುತ್ತದೆ, ಇವರು ಕುಂಬಳೆಯಲ್ಲಿ ರೈಲು ಹತ್ತಿ ಹೋಗಿ ತರುತ್ತಾರೆ. ಇನ್ನು ಅರ್ಧಕ್ಕಾದರೂ ಇಳಿಸಲೇಬೇಕು, ಯಾವುದನ್ನು ಬಿಡಲಿ, ಇದು ಅವರ ಪ್ರಶ್ನೆ. ಹನ್ನೊಂದರ ಪಟ್ಟಿಯನ್ನೂ ಕಳಿಸಿದ್ದಾರೆ. ಒಂದೊಂದರ ಮುಂದೆ ಯಾಕೆ ಬಿಡಲಾಗದು ಎಂಬ ಕಾರಣ ಬೇರೆ.

ಮೊದಲು ಒಂದು ಮಾತು. ನಿಮ್ಮ ಅಣ್ಣ ‘ಇದೆಲ್ಲ ಮಕ್ಕಳ ಪುಸ್ತಕ’ ಅಂದದ್ದನ್ನು ಬರೆದಿದ್ದೀರಿ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು. ಅದರ ಫ್ಯಾಂಟಮ್ ಕಥೆಗಳನ್ನು ದೊಡ್ಡವರು ಕೂಡ ಕಾದು ಓದಿದ್ದಾರೆ. ಅಮರ ಚಿತ್ರ ಕಥಾ ಕಟ್ಟಿದ ಅನಂತ ಪೈ ನಮ್ಮ ಕಾರ್ಕಳದವರು. ಕೊಟ್ಟಾಯಂನಿಂದ ಬರುತ್ತಿದ್ದ ಮಕ್ಕಳ ಪತ್ರಿಕೆ ಬಾಲಮಂಗಳದ ವೀರ ಇಲಿ ಡಿಂಗನನ್ನು ನೋಡಿಯೇ ನಿಮಗೆ ಈ ರುಚಿ ಹತ್ತಿತಂತೆ. ಒಳ್ಳೆಯ ರುಚಿ. ಚಿತ್ರದಲ್ಲಿ ಕಥೆ ಓದುವುದಕ್ಕೆ ಯಾರೂ ನಾಚಬೇಕಾಗಿಲ್ಲ.

ಆದರೆ ನಿಮ್ಮ ಕಾಗದದ ಮೂರನೇ ಪುಟದಲ್ಲಿ ಒಂದು ಸಾಲಿದೆ. ‘ನಾವು ದುಂದು ಮಾಡುವವರಲ್ಲ, ನನ್ನ ಹೆಂಡತಿ ಕಳೆದ ವರ್ಷವೇ ತರಂಗ ತರಿಸುವುದನ್ನು ನಿಲ್ಲಿಸಿದಳು.’ ಅಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ಕಾಮಿಕ್ಸ್.

ಇಷ್ಟು ದೊಡ್ಡ ವಿಷಯವನ್ನು ಇಷ್ಟು ಸಣ್ಣದಾಗಿ ಹೇಳಿ ಮುಗಿಸಿದ್ದೀರಲ್ಲ! ಮದುವೆಯಾಗಿ ಬಂದಾಗಿನಿಂದ ಅವರು ಓದುತ್ತಿದ್ದ ಪತ್ರಿಕೆ ಅದು ಎಂದು ನೀವೇ ಇನ್ನೊಂದು ಕಡೆ ಬರೆದಿದ್ದೀರಿ. ವಾರಕ್ಕೊಂದು ಧಾರಾವಾಹಿ ಕಂತು, ಒಂದು ಕಥೆ, ನಾಲ್ಕು ಅಡುಗೆ. ತಿಂಗಳಿಡೀ ತರಿಸಿದರೂ ನಿಮ್ಮ ಒಂದು ಕಾಮಿಕ್ಸಿನ ದುಡ್ಡಾಗುವುದಿಲ್ಲ. ಮನೆಗೆ ಕಷ್ಟ ಬಂತು ಅಂತ ಗೊತ್ತಾದ ಕೂಡಲೇ ಅವರು ಯಾರನ್ನೂ ಕೇಳದೆ, ಯಾರಿಗೂ ಪಟ್ಟಿ ಕಳಿಸದೆ ಅದನ್ನು ಬಿಟ್ಟರು. ನೀವು ಒಂದು ವರ್ಷ ಹನ್ನೊಂದನ್ನೂ ತರಿಸಿದಿರಿ. ಅವರು ‘ನಿಮ್ಮಿಷ್ಟ’ ಅಂದರಂತೆ, ಅದನ್ನು ನೀವು ಒಪ್ಪಿಗೆ ಅಂದುಕೊಂಡಿದ್ದೀರಿ. ಅದು ಒಪ್ಪಿಗೆ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದೂ ಇದೆ. ನೀವಿರುವುದು ಕಾಸರಗೋಡಿನಲ್ಲಿ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆ ಆಫೀಸಿನ ಕಾಗದ, ಬಸ್ಸಿನ ಬೋರ್ಡು ಎಲ್ಲ ನಿಧಾನವಾಗಿ ಮಲಯಾಳಕ್ಕೆ ಹೋದ ಊರು. ಮಲಯಾಳ ಕಲಿಯಲಿ, ತಪ್ಪೇನಿಲ್ಲ. ಆದರೆ ಮಗಳು ಈಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿಯುತ್ತಿದ್ದಾಳೆ. ಶಾಲೆಯ ಪುಸ್ತಕ ಬಿಟ್ಟರೆ ಅವಳ ಕಣ್ಣಿಗೆ ಕನ್ನಡ ಬೀಳುವುದು ಮನೆಯಲ್ಲಿ, ಅಮ್ಮನ ಕೈಯಲ್ಲಿರುವ ಪತ್ರಿಕೆಯಲ್ಲಿ. ಗಡಿಯ ಈಚೆ ಇರುವ ಮನೆಗೆ ವಾರಕ್ಕೊಂದಾದರೂ ಕನ್ನಡ ಪತ್ರಿಕೆ ಬರಬೇಕು ಎಂದು ನಾನು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಇನ್ನೂ ಬರೆಯುತ್ತೇನೆ.

ಈಗ ಆ ಮಂಗಳೂರಿನ ಗೆಳೆಯರ ವಿಷಯ. ಕಾಗದದಲ್ಲಿ ಅವರ ಮಾತೇ ಜಾಸ್ತಿ ಇದೆ. ‘ಒಂದು ನಂಬರ್ ತಪ್ಪಿದರೆ ಸೆಟ್ ಹಾಳು’ ಅಂದರಂತೆ. ‘ಹತ್ತು ವರ್ಷ ಇಟ್ಟರೆ ಬಂಗಾರದ ಬೆಲೆ’ ಅಂದರಂತೆ. ನಿಮ್ಮ ಪಾರ್ಸೆಲ್ ನಿಂತರೆ ಸಾಗಣೆ ಖರ್ಚು ಪೂರ್ತಿ ಅವರ ತಲೆಗೇ ಬರುತ್ತದೆ, ಅದನ್ನು ಯೋಚಿಸಿದ್ದೀರಾ? ಮದುವೆಯಾಗದ, ಸಾಲವಿಲ್ಲದ ಮನುಷ್ಯ, ಅವರು ತರಿಸಿಕೊಳ್ಳಲಿ. ಮನೆ ಕಂತು ಕಟ್ಟುವ ನಿಮಗೆ ಹೀಗೆ ಹೇಳಬಾರದಿತ್ತು. ನಿಮಗಿಂತ ಅವರ ಮೇಲೆಯೇ ನನಗೆ ಹೆಚ್ಚು ಸಿಟ್ಟು.

ಬಂಗಾರದ ಬೆಲೆ ಎಂಬುದೂ ಸುಳ್ಳು ಆಸೆ. 1938ರಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಸಂಚಿಕೆಯ ಬೆಲೆ 10 ಸೆಂಟ್. ಈಗ ಅದು ಕೋಟಿಗಟ್ಟಲೆಗೆ ಹೋಗುವುದು ನಿಜ. ಯಾಕೆಂದರೆ ಆಗ ಜನ ಓದಿ ಎಸೆದರು, ಯುದ್ಧದ ಕಾಲದಲ್ಲಿ ಹಳೇ ಕಾಗದಕ್ಕೆ ಕೊಟ್ಟರು, ಉಳಿದದ್ದು ಬಹಳ ಕಡಿಮೆ. 1992ರಲ್ಲಿ ಅದೇ ಸೂಪರ್‌ಮ್ಯಾನ್ ಸಾಯುವ ಸಂಚಿಕೆ ಬಂದಾಗ ಜನ ಅಂಗಡಿಯ ಮುಂದೆ ಸಾಲು ನಿಂತು ಕೊಂಡರು. ಎಷ್ಟೋ ಜನ ಕಪ್ಪು ಕವರನ್ನೂ ಬಿಚ್ಚದೆ ಎತ್ತಿಟ್ಟರು. ಎಲ್ಲರ ಹತ್ತಿರವೂ ಇರುವ ವಸ್ತುವಿಗೆ ಯಾರು ದುಡ್ಡು ಕೊಡುತ್ತಾರೆ? ಅಂದುಕೊಂಡಷ್ಟು ಬೆಲೆ ಬರಲೇ ಇಲ್ಲ. ಹೀಗೆ ಲಾಭಕ್ಕೆಂದು ಕೊಳ್ಳುವವರ ಭರಾಟೆ ಇಳಿದಾಗ ಅಮೆರಿಕದ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. 1996ರಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ನಿಮ್ಮ ಹನ್ನೊಂದೂ ಈ ಕಾಲದವು, ಎತ್ತಿಡುವವರು ಸಾವಿರಾರು ಜನ ಇದ್ದಾರೆ. ಅದರ ಮೇಲೆ ನಮ್ಮ ಮಳೆ. ಜೂನ್ ಬಂತೆಂದರೆ ಕಪಾಟಿನೊಳಗಿನ ಬಟ್ಟೆಗೇ ಬೂಸಲು ಹಿಡಿಯುತ್ತದೆ. ಕಾಮಿಕ್ಸಿನ ನಡುವೆ ಇರುವ ಪಿನ್ ತುಕ್ಕು ಹಿಡಿದು ಪುಟಕ್ಕೆ ಕಲೆ ಇಳಿದರೆ ಸಂಗ್ರಹಕಾರರು ಅದರ ದರ್ಜೆ ಇಳಿಸಿಬಿಡುತ್ತಾರೆ. ಒರಲೆಯ ಮಾತು ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಓದಬಾರದೇ? ಓದಿ. ಓದುವುದಕ್ಕೆ ಕಡಿಮೆ ಖರ್ಚಿನ ದಾರಿ ಇದೆ, ನಿಮಗೂ ಗೊತ್ತು. ತಿಂಗಳ ಸಂಚಿಕೆ ಅಂದರೆ ಸಾಮಾನ್ಯವಾಗಿ 32 ಪುಟ, ಅದರಲ್ಲಿ ಕಥೆ ಇಪ್ಪತ್ತು ಇಪ್ಪತ್ತೆರಡು ಪುಟ, ಉಳಿದದ್ದು ಜಾಹೀರಾತು. ಐದಾರು ಸಂಚಿಕೆಗೆ ಒಂದು ಕಥೆ ಮುಗಿಯುತ್ತದೆ. ಕೆಲವು ತಿಂಗಳಾದ ಮೇಲೆ ಅವೆಲ್ಲ ಸೇರಿ ಒಂದೇ ಪುಸ್ತಕವಾಗಿ ಬರುತ್ತವೆ. ಬಿಡಿಬಿಡಿಯಾಗಿ ಕೊಂಡದ್ದಕ್ಕಿಂತ ಸಾಮಾನ್ಯವಾಗಿ ಅಗ್ಗ, ಜಾಹೀರಾತೂ ಇಲ್ಲ, ಬೆನ್ನಿರುವ ಪುಸ್ತಕವಾದ್ದರಿಂದ ಕಪಾಟಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಕಾಯಬೇಕು, ಅಷ್ಟೇ. ನಿಮ್ಮ ಪಟ್ಟಿಯಲ್ಲಿ ಎರಡು ಕಡೆ ಒಂದೇ ಸಂಚಿಕೆಯನ್ನು ಬೇರೆ ರಕ್ಷಾಪುಟದಲ್ಲಿ ಮತ್ತೊಮ್ಮೆ ತರಿಸುತ್ತಿದ್ದೀರಿ. ಒಳಗಿನ ಕಥೆ ಅದೇ. ಅದಕ್ಕೆ ಕಾರಣವನ್ನು ನಾನು ಕೇಳುವುದೂ ಇಲ್ಲ. ಇನ್ನೂ ಮೂರು, ಬೇರೆ ಸರಣಿಯ ದೊಡ್ಡ ಕಥೆಯೊಂದು ಇವುಗಳೊಳಗೂ ಹಾದುಹೋಗುತ್ತದೆ ಎಂಬ ಕಾರಣಕ್ಕೆ ಬಂದು ಸೇರಿದವು. ಆ ಕಥೆ ಮುಗಿದು ಎಷ್ಟೋ ಕಾಲವಾಯಿತು ಅಂತ ನೀವೇ ಬರೆದಿದ್ದೀರಿ.

ಇಷ್ಟೆಲ್ಲ ಬರೆದೆ, ಆದರೆ ಹನ್ನೊಂದರಲ್ಲಿ ಯಾವುದನ್ನು ಬಿಡಬೇಕು ಎಂದು ನಾನು ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ನಿಮ್ಮ ಮನೆಯಲ್ಲಿದ್ದಾರೆ. ನನಗೆ ಕಳಿಸಿದ ಪಟ್ಟಿಯನ್ನು ಅವರಿಗೆ ತೋರಿಸಿದ್ದೀರಾ? ಕಾಗದದಲ್ಲಿ ಎಲ್ಲೂ ಹಾಗೆ ಕಾಣಲಿಲ್ಲ. ಗಂಡ ಹೆಂಡತಿ ಇಬ್ಬರ ಖರ್ಚೂ ಒಂದೇ ಹಾಳೆಯಲ್ಲಿ ಇರಬೇಕು, ಇಬ್ಬರೂ ಒಟ್ಟಿಗೆ ಕೂತು ನೋಡಬೇಕು. ಪರರ ಲೆಕ್ಕ ಬರೆಯುವ ನಿಮಗೆ ನಿಮ್ಮ ಮನೆಯದನ್ನು ಬರೆಯುವುದು ಕಷ್ಟವಲ್ಲ.

ನಾನು ಹೇಳುವ ಕೆಲಸ ಒಂದೇ. ನಾಳೆ ಬೆಳಿಗ್ಗೆ ಪೇಪರ್ ಏಜೆಂಟರ ಹತ್ತಿರ ಹೋಗಿ, ಹೆಂಡತಿಯ ಹೆಸರಿನಲ್ಲಿ ತರಂಗ ಮತ್ತೆ ಹಾಕಲು ಹೇಳಿ, ಒಂದು ವರ್ಷದ ದುಡ್ಡು ಕೊಟ್ಟು ಬನ್ನಿ. ಅದು ಮನೆಗೆ ಬರುವವರೆಗೆ ಒಂದೇ ಒಂದು ಹೊಸ ಕಾಮಿಕ್ಸ್ ಆರ್ಡರ್ ಮಾಡಬೇಡಿ. ‘ಬೇಡ, ಸುಮ್ನೆ ಖರ್ಚು’ ಎಂದು ಅವರು ಹೇಳಬಹುದು, ಆದರೂ ಹಾಕಿಸಿ. ಆಮೇಲೆ ಹನ್ನೊಂದರ ಪಟ್ಟಿ ಅವರ ಮುಂದೆ ಇಡಿ.

ಅಂಗಡಿಯವರಿಗೂ ಅದೇ ದಿನ ಫೋನ್ ಮಾಡಿ. ಈ ಪುಸ್ತಕಗಳನ್ನು ಅವರು ಎರಡು ಮೂರು ತಿಂಗಳು ಮೊದಲೇ ಹೇಳಿ ತರಿಸುತ್ತಾರೆ. ನೀವು ಇವತ್ತು ನಿಲ್ಲಿಸಿದರೂ ಈಗಾಗಲೇ ಹೇಳಿದ್ದು ಬಂದೇ ಬರುತ್ತದೆ. ಅವನ್ನು ಅವರ ತಲೆಗೆ ಕಟ್ಟಬೇಡಿ. ಬೇರೆ ಗಿರಾಕಿಗೆ ಮಾರಲು ಆಗುವುದನ್ನು ಮಾರಲಿ, ಉಳಿದದ್ದಕ್ಕೆ ಕಂತಿನಲ್ಲಿ ಕೊಡುತ್ತೇನೆ ಎಂದು ನೇರವಾಗಿ ಹೇಳಿ. ಗೆಳೆಯರಿಗೆ ಕೊನೆಗೆ ತಿಳಿಸಿದರೆ ಸಾಕು.