ಐರಿಷ್ ಪೊಲೀಸರು ಯಾರ ಪರ?

ಪ್ರಶ್ನೆ: ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟದಲ್ಲಿ (1919-21) ಊರುಗಳಿಗೆ ಬೆಂಕಿಯಿಟ್ಟ ‘ಬ್ಲ್ಯಾಕ್ ಅಂಡ್ ಟ್ಯಾನ್ಸ್’ ಐರಿಷ್ ಪೊಲೀಸರೇ? – ಓದುಗರು, ಮದ್ದೂರು

ಉತ್ತರ: ಪಡೆ ಅದೇ, ಆದರೆ ಜನ ಬೇರೆ. ಮೂಲ ಪಡೆಯಾದ ರಾಯಲ್ ಐರಿಷ್ ಕಾನ್‌ಸ್ಟಾಬ್ಯುಲರಿಯ ಪೇದೆಗಳಲ್ಲಿ ಬಹುಪಾಲು ಐರಿಷ್ ಕ್ಯಾಥೊಲಿಕರೇ. ಹುಟ್ಟಿದ ಕೌಂಟಿಯಲ್ಲಾಗಲಿ (ಅಂದರೆ ಜಿಲ್ಲೆಯಲ್ಲಾಗಲಿ), ಹೆಂಡತಿಯ ತವರಿನಲ್ಲಾಗಲಿ ಅವರನ್ನು ನೇಮಿಸುತ್ತಿರಲಿಲ್ಲ. ಆದರೂ ಯಾರ ಮನೆಗೆ ಯಾರು ಬಂದುಹೋದರು ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ಬ್ರಿಟಿಷ್ ಆಡಳಿತಕ್ಕೆ ಅವರೇ ಕಣ್ಣು, ಕಿವಿ. ಅದಕ್ಕೇ ಹೋರಾಟಗಾರರ ಮೊದಲ ಗುರಿಯೂ ಅವರೇ ಆದರು.

1919ರ ಜನವರಿ 21ರಂದು ಟಿಪ್ಪರೇರಿ ಕೌಂಟಿಯ ಸೊಲೊಹೆಡ್‌ಬೆಗ್‌ನಲ್ಲಿ ಸ್ಫೋಟಕದ ಗಾಡಿಗೆ ಕಾವಲಿದ್ದ ಇಬ್ಬರು ಪೇದೆಗಳನ್ನು ಹೋರಾಟಗಾರರು ಗುಂಡಿಟ್ಟು ಕೊಂದರು. ಏಪ್ರಿಲ್‌ನಲ್ಲಿ ಹೋರಾಟದ ಪರ ನಾಯಕರು ಕಟ್ಟಿಕೊಂಡಿದ್ದ ಬಂಡಾಯ ಸಂಸತ್ತು ಪೊಲೀಸರಿಗೆ ಸಾಮಾಜಿಕ ಬಹಿಷ್ಕಾರ ಹಾಕಿತು. ಮಾತಿಲ್ಲ, ಕತೆಯಿಲ್ಲ, ಎಷ್ಟೋ ಕಡೆ ಅಂಗಡಿಯವರು ಸಾಮಾನನ್ನೂ ಕೊಡಲಿಲ್ಲ. ಹಳ್ಳಿಯ ಸಣ್ಣ ಠಾಣೆಗಳನ್ನು ಇಲಾಖೆಯೇ ಖಾಲಿ ಮಾಡಿತು. 1920ರ ಈಸ್ಟರ್ ಹೊತ್ತಿಗೆ ಅಂಥ ನೂರಾರು ಕಟ್ಟಡ ಸುಟ್ಟುಹೋದವು. ರಾಜೀನಾಮೆಗಳು ಸಾಲುಗಟ್ಟಿದವು.

ಆ ಜಾಗ ತುಂಬಲು ಬಂದವರೇ ಟ್ಯಾನ್ಸ್. ದಿನಕ್ಕೆ 10 ಶಿಲಿಂಗ್ ಕೂಲಿ, ಹೆಚ್ಚಿನವರು ಬ್ರಿಟನ್ನಿನ ಮಾಜಿ ಸೈನಿಕರು. ಸಮವಸ್ತ್ರ ಸಾಲದೆ ಸೈನ್ಯದ ಖಾಕಿ, ಪೊಲೀಸರ ಕಡುಹಸಿರು ಎರಡನ್ನೂ ಬೆರೆಸಿ ತೊಟ್ಟರು. ತರಬೇತಿ ಅತ್ಯಲ್ಪ, ಊರಿನ ಪರಿಚಯವೇ ಇಲ್ಲ. ಪೊಲೀಸರನ್ನು ಕೊಂದವರು ಸಿಗದಿದ್ದಾಗ ಊರಿಗೆ ಊರನ್ನೇ ಶಿಕ್ಷಿಸಿದರು. 1920ರ ಸೆಪ್ಟೆಂಬರಿನಲ್ಲಿ ಡಬ್ಲಿನ್ ಬಳಿಯ ಬಾಲ್‌ಬ್ರಿಗನ್ ಪಟ್ಟಣ ಉರಿದದ್ದು ಹಾಗೆ. ಇದು ಅಕ್ಷಮ್ಯ. ಆದರೆ ಅದೇ ವರ್ಷದ ಜೂನ್‌ನಲ್ಲಿ ಲಿಸ್ಟೋವೆಲ್ ಠಾಣೆಯ ಐರಿಷ್ ಪೇದೆಗಳು ಮೇಲಧಿಕಾರಿಗಳ ಎದುರೇ ಆದೇಶ ಧಿಕ್ಕರಿಸಿದ್ದರು ಎಂಬುದನ್ನೂ ಮರೆಯಬಾರದು.

1922ರಲ್ಲಿ ಪಡೆ ವಿಸರ್ಜನೆಯಾಯಿತು. ಹಲವರು ಊರಲ್ಲಿ ಉಳಿಯಲಾರದೆ ದೇಶ ಬಿಟ್ಟರು. ಕೆಲವರು ಪ್ಯಾಲೆಸ್ತೀನ್‌ನ ಪೊಲೀಸ್ ಪಡೆ ಸೇರಿದರು.