ಮಾಂಟ್ರಿಯಲ್‌ಗೆ ಹೋಗೋ ಮುಂಚೆ ಮಗನಿಗೆ ಮನೇಲೇ ಫ್ರೆಂಚ್ ಕಲಿಸ್ಬೇಕಾ?

ನಾಲ್ಕು ತಿಂಗಳಲ್ಲಿ ಹೊರಡ್ತೀವಿ, ಮಗನಿಗೆ ಮೂರೂವರೆ, ಈಗಿಂದಲೇ ಮನೇಲಿ ಕನ್ನಡ ಕಮ್ಮಿ ಮಾಡಿ ಫ್ರೆಂಚ್ ಶುರು ಮಾಡ್ಲಾ, ಯಾವ ಆ್ಯಪ್ ಒಳ್ಳೇದು ಅಂತ ಕೇಳಿದೀರಲ್ಲ, ಓದ್ತಿದ್ದ ಹಾಗೇ ಎದೆ ಧಸಕ್ಕಂತು. ದಯವಿಟ್ಟು ಮಾಡ್ಬೇಡಿ. ನಾನು ಇದನ್ನೇ ಮಾಡಿದ್ದೆ.

ನಾವು 2017ರಲ್ಲಿ ಇಲ್ಲಿಗೆ ಬಂದಾಗ ಮಗಳಿಗೆ ಮೂರು ವರ್ಷ. ಶಿವಮೊಗ್ಗದಲ್ಲಿ ಅಜ್ಜಿ ತಾತನ ಹತ್ರ ಬೆಳೆದ ಕೂಸು, ಬೆಳಿಗ್ಗೆ ಎದ್ರೆ ಮಾತು, ಮಲಗೋವರೆಗೂ ಮಾತು. ಮಾಂಟ್ರಿಯಲ್ ಇರೋದು ಕೆನಡಾದ ಫ್ರೆಂಚ್ ಮಾತಾಡೋ ಕ್ಯುಬೆಕ್ ಪ್ರಾಂತ್ಯದಲ್ಲಿ, ಇಲ್ಲಿ 1977ರಿಂದ ಬಿಲ್ 101 ಅಂತ ಭಾಷಾ ಕಾನೂನಿದೆ, ಹೊರಗಿಂದ ಬಂದು ನೆಲೆಸೋರ ಮಕ್ಕಳು ಹೆಚ್ಚುಕಮ್ಮಿ ಎಲ್ರೂ ಫ್ರೆಂಚ್ ಸ್ಕೂಲಿಗೇ ಹೋಗ್ಬೇಕು. ಅದು ತಲೇಲಿ ಕೂತ್ಬಿಡ್ತು. ನಮ್ಮ ಮಗು ಕ್ಲಾಸಲ್ಲಿ ಪಿಳಿಪಿಳಿ ಅಂತ ಕೂತಿರ್ಬಾರದು ಅಂತ ನಾನೇ ಆ್ಯಪಲ್ಲಿ ಆರು ತಿಂಗಳು ಕಲಿತು ಮನೇಲಿ ರೂಲ್ ಮಾಡ್ದೆ, ಸಂಜೆ ಐದರಿಂದ ಮಲಗೋವರೆಗೂ ಕನ್ನಡ ಇಲ್ಲ. ನೀರು ಅಂದ್ರೆ ಕೊಡ್ತಿರ್ಲಿಲ್ಲ. "ದ ಲೋ" ಅನ್ನೋವರೆಗೂ ಲೋಟ ಕೈಯಲ್ಲೇ ಹಿಡ್ಕೊಂಡು ನಿಂತಿರ್ತಿದ್ದೆ.

ಎರಡು ತಿಂಗಳಲ್ಲಿ ಮಗಳ ಮಾತು ನಿಂತೋಯ್ತು. ಫ್ರೆಂಚೂ ಇಲ್ಲ, ಕನ್ನಡಾನೂ ಇಲ್ಲ. ಫೋನಲ್ಲಿ ಅಜ್ಜಿ ಕರೆದ್ರೆ ನನ್ನ ಮುಖ ನೋಡೋಳು, ಮಾತಾಡ್ಬಹುದಾ ಅಂತ. ಆಮೇಲೆ ಜನವರೀಲಿ ಒಂದು ರಾತ್ರಿ ಸುಮ್ನೆ ಅಳ್ತಾ ಕೂತಿದ್ಲು, ಏನಾಯ್ತು ಅಂದ್ರೆ ಹೇಳ್ಲೇ ಇಲ್ಲ. ಬೆಳಗಿನ ಜಾವ ಮೈ ಸುಡ್ತಿತ್ತು. ಆಸ್ಪತ್ರೇಲಿ ನೋಡಿದ್ರೆ ಕಿವಿ ಒಳಗೆ ಸೋಂಕಾಗಿ ಊದ್ಕೊಂಡಿದೆ. ಕಿವಿ ಅನ್ನೋ ಪದ ಅವಳಿಗೆ ಚೆನ್ನಾಗಿ ಗೊತ್ತು, ಕಿವಿ ನೋವು ಅಂತ ಶಿವಮೊಗ್ಗದಲ್ಲಿ ಎಷ್ಟೋ ಸಲ ಹೇಳಿದಾಳೆ. ಆದ್ರೆ ಆ ಪದ ಬಾಯಿಗೆ ಬಂದ್ರೆ ಅಮ್ಮ ಬೈತಾಳೆ, ಫ್ರೆಂಚ್ ಪದ ನೆನಪಾಗ್ತಿಲ್ಲ, ಅದಕ್ಕೆ ರಾತ್ರಿಯೆಲ್ಲ ನೋವು ನುಂಗ್ಕೊಂಡು ಕೂತಿದಾಳೆ. ಇದನ್ನ ಟೈಪ್ ಮಾಡುವಾಗ್ಲೂ ಕೈ ನಡುಗುತ್ತೆ.

ತಪ್ಪು ಯಾವುದು ಅಂತ ಸರಿಯಾಗಿ ಹೇಳ್ತೀನಿ ಕೇಳಿ, ಯಾಕಂದ್ರೆ ನಮ್ಮೋರು ಬಹಳ ಜನ ಇದನ್ನ ಅರ್ಧ ಮಾತ್ರ ಅರ್ಥ ಮಾಡ್ಕೋತಾರೆ. ಫ್ರೆಂಚ್ ಕಲಿಸಿದ್ದು ತಪ್ಪಲ್ಲ. ನೀರಿಗೆ, ಮುದ್ದಿಗೆ, ನೋವಿಗೆ ಷರತ್ತು ಹಾಕಿದ್ದು ತಪ್ಪು. ಮಗುಗೆ ಇದ್ದ ಭಾಷೆ ಕಿತ್ಕೊಂಡು ನನಗೇ ಸರಿಯಾಗಿ ಬಾರದ ಭಾಷೆ ಕೊಟ್ಟೆ, ಅದೂ ಈ ಊರಿಗೆ ಹೊಂದದ ಫ್ರೆಂಚು. ಆ್ಯಪಿನದ್ದು ಪ್ಯಾರಿಸ್ ಕಡೆಯದು. ಅಲ್ಲಿ ದೆಜನೆ ಅಂದ್ರೆ ಮಧ್ಯಾಹ್ನದ ಊಟ, ಇಲ್ಲಿ ಬೆಳಗಿನ ತಿಂಡಿ. ಇಲ್ಲಿ ಮಧ್ಯಾಹ್ನದ ಊಟಕ್ಕೆ ದಿನೆ ಅಂತಾರೆ, ರಾತ್ರಿದಕ್ಕೆ ಸೂಪೆ. ಟೋಪಿಗೆ ನಾನು ಬೊನೆ ಅಂತ ಹೇಳ್ಕೊಟ್ಟಿದ್ದೆ, ಡೇಕೇರಲ್ಲಿ ಎಲ್ರೂ ತ್ಸುಕ್ ಅಂತಾರೆ. ಚಿಕ್ಕದು ಅನ್ನೋಕೆ ಪೆತಿ ಅಂತ ಕಲಿಸಿದ್ದನ್ನ ಇಲ್ಲಿಯವರು ಪ್‌ತ್ಸಿ ಅಂತಾರೆ. ಅಂದ್ರೆ ಅಷ್ಟೆಲ್ಲ ಅಳಿಸಿ ಕಲಿಸಿದ್ದೂ ಅಲ್ಲಿ ಅವಳ ಕೈ ಹಿಡೀಲಿಲ್ಲ.

ಡೇಕೇರ್ ಟೀಚರೇ ಕೊನೆಗೆ ಕೂರಿಸ್ಕೊಂಡು ಹೇಳಿದ್ರು, ಮನೇಲಿ ನಿಮ್ಮ ಭಾಷೇಲೇ ಕಥೆ ಹೇಳಿ, ಬೈಯೋದಾದ್ರೂ ಅದರಲ್ಲೇ ಬೈರಿ, ಫ್ರೆಂಚ್ ನಾವು ನೋಡ್ಕೋತೀವಿ ಅಂತ. ಅವತ್ತೇ ರೂಲ್ ತೆಗೆದೆ. ಮಾತು ವಾಪಸ್ ಬರೋಕೆ ಮೂರು ತಿಂಗಳು ಹಿಡೀತು. ಮುಂದಿನ ಚಳಿಗಾಲದ ಹೊತ್ತಿಗೆ ಗೆಳತಿಯರ ಜೊತೆ ಫ್ರೆಂಚಲ್ಲಿ ಜಗಳ ಆಡ್ತಿದ್ಲು, ನಾನು ಒಂದಕ್ಷರ ಕಲಿಸ್ಲಿಲ್ಲ.

ಹಾಗಾಗಿ ಯಾವ ಆ್ಯಪ್ ಅನ್ನೋ ಪ್ರಶ್ನೆಯೇ ಬೇಡ. ನಿಮ್ಮ ಮಗನಿಗೆ ಟೈಮಿದೆ, ಸೆಪ್ಟೆಂಬರ್ 30ರೊಳಗೆ ಐದು ತುಂಬಿದ್ರೆ ಆ ವರ್ಷ ಮಾತೆರ್ನೆಲ್, ಅಂದ್ರೆ ನಮ್ಮ ಯುಕೆಜಿ ಥರ. ಭಾಷೆ ಬಾರದ ಮಕ್ಕಳಿಗೆ ಅಂತಾನೇ ಸ್ಕೂಲುಗಳಲ್ಲಿ ಕ್ಲಾಸ್ ದಾಕೆಯ್ ಅಂತಿರುತ್ತೆ. ಬಂದ ಮೇಲೆ ಹತ್ತಿರದ ನಗರ ಲೈಬ್ರರಿಗೆ ಕರ್ಕೊಂಡು ಹೋಗಿ, ಓರ್ ದು ಕೋಂತ್ ಅಂತ ಮಕ್ಕಳಿಗೆ ಕಥೆ ಹೇಳ್ತಾರೆ, ದುಡ್ಡಿಲ್ಲ. ಅರ್ಥ ಆಗ್ದೇ ಇದ್ರೂ ಕೂರ್ಲಿ, ಏನಂತಾರೆ ಹೇಳು ಅಂತ ಪರೀಕ್ಷೆ ಮಾಡ್ಬೇಡಿ. ಫ್ರೆಂಚ್ ಕಲಿಯೋ ಆಸೆ ನಿಮಗಿದ್ರೆ ನೀವು ಕಲೀರಿ, ಒಳ್ಳೇದೇ. ನಮಗೆ ತ್ಯು, ವು ಸುಲಭ, ನಮ್ಮ ನೀನು, ನೀವು ಥರಾನೇ. ಫ್ರೆಂಚಲ್ಲಿ ವಸ್ತುಗಳಿಗೂ ಲಿಂಗ ಇದೆ, ಟೇಬಲ್ ಹೆಣ್ಣು, ಪುಸ್ತಕ ಗಂಡು ಅನ್ನೋದಕ್ಕೆ ಟೈಮ್ ಬೇಕು.

ಮಗನಿಗೆ ಹೊರಡೋ ಮುಂಚೆ ಮೂರೇ ಹೇಳ್ಕೊಡಿ, ಆಟ ಆಡ್ತಾ. ಉಚ್ಚೆ ಬಂದ್ರೆ ಪಿಪಿ. ನೀರು ಬೇಕಂದ್ರೆ ದ ಲೋ. ನೋವಾದ್ರೆ ಜೆ ಮಾಲ್, ನೋವಿರೋ ಜಾಗದ ಮೇಲೆ ಕೈ ಇಟ್ಟು. ಮನೇಲಿ ಮಾತ್ರ ಅದನ್ನ ಕನ್ನಡದಲ್ಲೇ ಹೇಳ್ಲಿ. ಸೂಟ್‌ಕೇಸಲ್ಲಿ ಫ್ಲ್ಯಾಶ್ ಕಾರ್ಡ್ ತುಂಬ್ಬೇಡಿ, ಕನ್ನಡದ ಮಕ್ಕಳ ಪುಸ್ತಕ ತುಂಬ್ಕೊಂಡು ಬನ್ನಿ, ಇಲ್ಲಿ ಸಿಗೋದು ಕಷ್ಟ.